ಮುಟ್ಟಿದಲ್ಲಿ ಬೆರಳಿಡು

ಇರುವೆ ಹರಿದಂತಾಯಿತು, ಅಲ್ಲ, ಇರುವೆಯಲ್ಲ, ಕೋಳಿಪುಕ್ಕವಿರಬೇಕು, ಎಡಗಲ್ಲದ ಮೇಲೋ ಮೂಗಿನ ಬದಿಗೋ, ಸಾತವ್ವ ಬೆರಳೆತ್ತಿದಳು, ಎತ್ತಿದ ಬೆರಳು ಗಾಳಿಯಲ್ಲೇ ನಿಂತಿತು — ಉರಿ ಮುಖದ ತುಂಬ ಇದೆ, ಇದರೊಳಗೆ ಪುಕ್ಕ ಯಾವುದು ಉರಿ ಯಾವುದು ಎಂದು ಹೇಗೆ ಹೇಳುವುದು. ಕಣ್ಣ ತೆರೀಬ್ಯಾಡ ಯಕ್ಕಾ, ಮುಟ್ಟಿದಲ್ಲಿ ಬೆರಳಿಡು ಸಾಕು, ಎಂದ ಕಂಪೌಂಡರ ಮೈಬೂಬ. ಮುಟ್ಟಿದಲ್ಲಿ. ಇಂಡಿ ಊರಿನ ದವಾಖಾನೆಯ ಬಾಕಿನ ಮೇಲೆ ಕಣ್ಣು ಮುಚ್ಚಿ ಕೂತ ಈ ಹೆಂಗಸಿಗೆ ನಲವತ್ತು ವರ್ಷ ಕಲಿಸಿದ್ದು ಒಂದೇ ಪಾಠ, ಮುಟ್ಟಬೇಡ, ದೂರ ನಿಲ್ಲು. ದೇವಣಗಾಂವದ ಬಾವಿಕಟ್ಟೆ, ಗೌಡರ ಅಂಗಳ, ಬೆಲ್ಲ ತೂಗುವವನ ಕೈ, ಯಾವುದು ಬಂದರೂ ಒಂದು ಮೊಳ ಮೊದಲೇ ಮೈ ತಾನಾಗಿ ಹಿಂದೆ ಸರಿಯುತ್ತದೆ, ಅಂಥ ಮೈಗೆ ಈಗ ಪರೀಕ್ಷೆ, ಎಲ್ಲಿ ಮುಟ್ಟಿದೆವು ಹೇಳು ಅಂತ. ಪುಕ್ಕ ತಾಗುವ ಮೊದಲೇ ಗಲ್ಲ ಜುಮ್ಮೆನ್ನುತ್ತದೆ. ಗದ್ದದ ಮೇಲೆ ಬೆರಳಿಟ್ಟಳು. ಅಲ್ಲಿ ನಾ ಇನ್ನೂ ಮುಟ್ಟೇ ಇಲ್ಲಲ್ಲ, ಎಂದ ಮೈಬೂಬ. ಆಚೆ ಮೇಜಿನಲ್ಲಿ ಡಾಕ್ಟರರ ಟಾಕು ಕಾಗದದ ಮೇಲೆ ಕರಕರ ಎಂದಿತು. ಏನು ಬರೆದರು? ತಪ್ಪು ಹೇಳಿದರೆ ಮಹಾರೋಗವೋ, ಸರಿ ಹೇಳಿದರೆ ಮಹಾರೋಗವೋ, ಮೊದಲೇ ಕೇಳಿಕೊಳ್ಳಬೇಕಿತ್ತು.

ಚೀಟಿ ತಾ ಅಂದಿದ್ದ ಬಸಂತರಾಯ, ಬೋರ್ಡಿಂಗಿನ ಮೇಲ್ವಿಚಾರಕ, ನಮ್ಮ ಕೇರಿಯ ಮಕ್ಕಳ ಸಲುವಾಗಿಯೇ ಸರಕಾರ ತೆರೆದ ಬೋರ್ಡಿಂಗು — ಮಹಾರೋಗ ಅಲ್ಲ, ಕುಷ್ಠ ಅಲ್ಲಂತ ಡಾಕ್ಟರ್ ಬರಕೊಡ್ಲಿ, ಅಲ್ಲೀತನಕ ಒಲಿ ಮುಂದ ಕೂಡಬ್ಯಾಡ ಸಾತವ್ವ, ನಾಳೆ ಮೇಲಿನವರು ನನ್ನ ಕೇಳ್ತಾರ. ಅರವತ್ತು ಮಕ್ಕಳಿಗೆ ಎರಡು ಹೊತ್ತು ರೊಟ್ಟಿ ಬಡಿದ ಕೈ, ಮೊನ್ನೆ ಬಡಿದ ರೊಟ್ಟಿ ಹಾಗೇ ಬುಟ್ಟಿಯಲ್ಲಿ ಉಳಿಯಿತು, ಒಬ್ಬರೂ ಮುರಿಯಲಿಲ್ಲ. ಮೇಲುಕೇರಿಯವರು ಮುರಿಯದಿದ್ದರೆ ಬೈಯಲು ಬಾಯಿ ಇತ್ತು, ನಮ್ಮವರೇ ಮುರಿಯದಿದ್ದರೆ ಯಾವ ಬಾಯಿಂದ ಬೈಯುವುದು? ನಾದಿನಿ ಶೆಟ್ಟೆವ್ವ ಅಲ್ಲೇ ಖಾರ ಕುಟ್ಟುವವಳು, ಮೂಗು ಕೆಂಪಾದಾಗ ಮೊದಮೊದಲು ನಕ್ಕಳು, ಬ್ಯಾಳಿಗೆ ಖಾರ ಯಾಕ ಹಾಕ್ತಿ ವೈನಿ, ನಿನ್ನ ಮೂಗ ಅದ್ದಿದ್ರ ಸಾಕಲ್ಲ! ಸಾತವ್ವನೂ ನಕ್ಕಿದ್ದಳು. ಆಮೇಲೆ ಕೆಂಪು ಗಲ್ಲಕ್ಕೆ ಇಳಿಯಿತು, ಕೆಂಪಿನ ಮೇಲೆ ಗುಳ್ಳೆ ಎದ್ದವು, ನಿಂಬಿಹಣ್ಣ ತಿಕ್ಕ ವೈನಿ, ಉಷ್ಣ ಇಳಿತೈತಿ, ಇಂಡಿಯಲ್ಲಿ ನಿಂಬೆಗೇನು ಬರ, ತಿಂಗಳು ತಿಕ್ಕಿದಳು, ಚರ್ಮ ಸುಲಿದು ಮುಖ ಕೆಂಡವಾಯಿತು. ಆಗ ಶೆಟ್ಟೆವ್ವನ ನಗೆ ನಿಂತಿತು. ಸಿಟ್ಟಾಗಬ್ಯಾಡ, ನೀ ಉಣ್ಣೂ ಗಂಗಾಳ ಇನ್ಮ್ಯಾಲ ಬ್ಯಾರೆ ಇಡ್ತೇನಿ. ಗಂಗಾಳ ಬೇರೆ — ಈ ಮಾತು ಯಾರದು, ಯಾರ ಬಾಯಿಂದ ಯಾರ ಬಾಯಿಗೆ ಬಂತು? ಎರಡು ವರ್ಷದ ಹಿಂದೆ ಬೌದ್ಧ ದೀಕ್ಷೆ ತೊಟ್ಟ ದಿನ ಜಗಲಿಯ ದೇವಿಯನ್ನು ಹೊಳೆಗೆ ಬಿಟ್ಟವಳು ಸಾತವ್ವನೇ. ಬಿಟ್ಟ ದೇವಿ ನಿನ್ನ ಮಾರಿ ಮ್ಯಾಲ ಬಂದಾಳ ನೋಡು, ಅಂದಳು ಶೆಟ್ಟೆವ್ವ. ಸಾತವ್ವ ನಂಬುವುದಿಲ್ಲ. ನಂಬುವುದಿಲ್ಲ, ಆದರೆ ಒಲೆಯ ಮುಂದೆ ಕೂತಾಗ ಮುಖ ಯಾಕೆ ಹಾಗೆ ಉಕ್ಕುತ್ತದೆ, ಯಾರೋ ಒಳಗಿನಿಂದ ಊದಿದಂತೆ, ದೇವಿಯಲ್ಲದಿದ್ದರೆ ಯಾರು ಊದುತ್ತಾರೆ, ಹಾಗೆ ಕೇಳುವುದೂ ನಂಬಿದಂತೆಯೇ ಅಲ್ಲವೇ —

ಮೊಳಕೈ ಹಿಡಿದರು. ಬರಿಗೈ. ಡಾಕ್ಟರು ತಾವೇ ಎದ್ದು ಬಂದು ಮೊಳಕೈ ಸಂದಿಯನ್ನು ಬೆರಳಿಂದ ಒತ್ತಿ ನರ ಹುಡುಕುತ್ತಿದ್ದಾರೆ, ಮೈ ಹಿಂದಕ್ಕೆ ಜಗ್ಗುತ್ತದೆ, ಸರಿಯಬ್ಯಾಡ ಯವ್ವಾ, ಎಂದರು, ಕಿವಿಯ ಹಾಲೆ ಒತ್ತಿದರು, ಕೊರಳು ಒತ್ತಿದರು, ಕಣ್ಣು ತೆಗಿ ಎಂದರು. ಬೆಳಕು ಮುಖಕ್ಕೆ ರಾಚಿತು. ಮಹಾರೋಗ ಅಲ್ಲ ಇದು, ನರ ದಪ್ಪಾಗಿಲ್ಲ, ಮುಟ್ಟಿದ್ದೆಲ್ಲ ಗೊತ್ತಾಗೇತಿ, ಮುಟ್ಟದ್ದನ್ನೂ ಹೇಳೀದಿ, ಅದಿರ್ಲಿ. ಚರ್ಮದಾಗಿನ ಸಣ್ಣ ರಕ್ತನಾಳ ಹಿಗ್ಗ್ಯಾವ, ಇದಕ್ಕ ರೊಸೇಸಿಯಾ ಅಂತಾರ, ಯಾರಿಗೂ ಅಂಟೂದಿಲ್ಲ. ಅಂಟೂದಿಲ್ಲ! ಸಾತವ್ವನಿಗೆ ಎದ್ದು ಓಡಬೇಕೆನಿಸಿತು, ಆ ಹೆಸರು ಆಗಲೇ ಮರೆತಿತ್ತು, ಮರೆತರೇನು, ಅಂಟೂದಿಲ್ಲ. ನಿಂಬಿಹಣ್ಣ ಬಿಡು, ತಣ್ಣೀರಿಲೆ ಮಾರಿ ತೊಳಿ, ಗಂಧಕದ ಮುಲಾಮು ಕೊಡ್ತೇನಿ, ರಾತ್ರಿ ತೆಳ್ಳಗ ಹಚ್ಚು, ಪೂರಾ ಹೋಗಾಕಿಲ್ಲ, ಅಂಕೆಯೊಳಗ ಇರ್ತೈತಿ, ಖಾರ ಕಡಿಮಿ ಮಾಡು, ಬಿಸಿಲಾಗ ನಿಲ್ಲಬ್ಯಾಡ, ಮುಖ್ಯ ಮಾತು, ಒಲಿ ಮುಂದ ಕೂಡಬ್ಯಾಡ. ಟಾಕು ಮತ್ತೆ ಕರಕರ ಎಂದಿತು. ಸಾಹೇಬ್ರ, ಏನ ಬರದ್ರಿ? ಮಹಾರೋಗ ಅಲ್ಲ ಅಂತ ಬರದೇನಿ. ಮತ್ತ ಕೆಳಗ? ಬೆಂಕಿ ಮುಂದ ಕೂಡ್ರಸಬಾರದು ಅಂತ. ಅದೊಂದು ಬರೀಬ್ಯಾಡ್ರಿ. ಬರೀದಿದ್ರ ಮತ್ತ ನಿನ್ನ ಅಲ್ಲೇ ಕೂಡ್ರಸ್ತಾರಲ್ಲ ಯವ್ವಾ. ಅಲ್ಲೇ ಕೂಡ್ರಸ್ಲಿ ಅಂತನ ಬಂದೇನ್ರಿ! ಡಾಕ್ಟರು ಅವಳ ಮುಖವನ್ನೇ ನೋಡಿದರು, ರೋಗವನ್ನು ನೋಡಿದರೋ ಅವಳನ್ನು ನೋಡಿದರೋ ತಿಳಿಯಲಿಲ್ಲ, ಸಹಿ ಆಗಿಹೋಗಿತ್ತು, ಶಿಕ್ಕಾ ಬಿದ್ದಿತ್ತು, ಮುಂದಿನವರು ಬರ್ರಿ, ಎಂದ ಮೈಬೂಬ.

ಹೊರಗೆ ಬೇವಿನ ನೆರಳು, ಕೈಯಲ್ಲಿ ಮುಲಾಮಿನ ಡಬ್ಬಿ, ಚೀಟಿ. ಅಂಟುವುದಿಲ್ಲ ಅನ್ನುವ ಕಾಗದವೇ ಒಲೆಯಿಂದ ಎಬ್ಬಿಸುತ್ತದೆ, ಇದು ವಾಸಿಯೋ ರೋಗವೋ? ಖಾರ ಕುಟ್ಟುತ್ತೇನೆ ಅಂದರೆ ಖಾರವೂ ಬೇಡ, ಹೊಲಕ್ಕೆ ಹೋಗುತ್ತೇನೆ ಅಂದರೆ ಬಿಸಿಲೂ ಬೇಡ, ಒಲಿ ಮುಂದ ಕೂಡದಾಕಿಗೆ ಬೋರ್ಡಿಂಗದಾಗ ಏನ ಕೆಲಸ, ಬಸಂತರಾಯ ಅನ್ನದಿದ್ದರೂ ಕೇಳಿಸಿತು. ಅಡುಗೆಕೋಣೆಗೆ ಒಂದೂ ಕಿಟಕಿಯಿಲ್ಲ, ಉರಿಯೆಲ್ಲ ಬಂದು ಬಡಿಯುವುದು ಈ ಒಂದು ಮುಖಕ್ಕೆ. ಗೋಡೆ ಒಡೆದು ಗವಾಕ್ಷಿ ಬಿಡಿ ಎಂದು ಯಾರಾದರೂ ಒಂದು ಸಾಲು ಬರೆಯಬಾರದಿತ್ತೇ, ಗೋಡೆ ಒಡೆಯುವುದಕ್ಕಿಂತ ಸಾತವ್ವನನ್ನು ತೆಗೆಯುವುದು ಅಗ್ಗ. ಮೈಬೂಬ ನೀರು ಕುಡಿಯಲು ಹೊರಬಂದಿದ್ದಾನೆ, ತಮ್ಮಾ, ಇದರಾಗ ಯಾವ ಸಾಲು ಯಾವುದು? ಮ್ಯಾಲಿಂದು ಮಹಾರೋಗ ಅಲ್ಲಂತ ಐತಿ ಯಕ್ಕಾ, ಕೆಳಗಿಂದು ಬೆಂಕೀದು, ಅದರ ಕೆಳಗ ಸಹಿ, ಹರೀಬ್ಯಾಡ ಮತ್ತ, ಹರಿದ್ರ ಸಹಿನೂ ಹೋಗತೈತಿ. ಹರಿಯುವುದಿಲ್ಲ. ಮಡಚಿ ನೋಡಿದಳು, ಮೇಲಿನ ಸಾಲು, ಅದರ ಕೆಳಗೇ ಸಹಿ, ಕೈ ಬಿಟ್ಟರೆ ಕಾಗದ ಮೆಲ್ಲಗೆ ಬಿಚ್ಚಿಕೊಂಡಿತು, ಮೇಲಿನ ಸಾಲು, ಕೆಳಗಿನ ಸಾಲು, ಸಹಿ. ಹೆಬ್ಬೆರಳಿಟ್ಟಳು ನಡುವಿನ ಸಾಲಿನ ಮೇಲೆ, ಪೂರಾ ಮುಚ್ಚಿತು, ಹಿಟ್ಟು ಮಿದ್ದ ಅಗಲ ಬೆರಳು, ಹೀಗೇ ಹಿಡಿದು ತೋರಿಸಿದರೆ, ತೋರಿಸಬಹುದು, ಆದರೆ ತಾ ಇಲ್ಲಿ ಅಂದರೆ, ಬಸಂತರಾಯ ಕೈ ಚಾಚಿದರೆ, ಕೊಡುವಾಗ ಬೆರಳು ತೆಗೆಯಬೇಕಲ್ಲ — ಮೇಲಿನ ಸಾಲು, ಹೆಬ್ಬೆರಳು, ಸಹಿ — ತೆಗೆಯದೆ ಹೇಗೆ ಕೊಡುವುದು — ಮೇಲಿನ ಸಾಲು, ಹೆಬ್ಬೆರಳು, ಸಹಿ, ಮೇಲಿನ ಸಾಲು, ಹೆಬ್ಬೆರಳು