ಅಂಬಣ್ಣ ಬರುವವರೆಗೆ

ಗಂಡನ ಗಲ್ಲದವರೆಗೂ ಏರಿಬಂದಿದ್ದ ಹಾರಗಳನ್ನು ಭಾಗ್ಯಲಕ್ಷ್ಮಿ ಎರಡೂ ಕೈಯಿಂದ ಕೆಳಕ್ಕೆ ಸರಿಸುತ್ತಿದ್ದಳು. ಸರಿಸಿದಷ್ಟೂ ಬೀಳುತ್ತಿದ್ದವು. ಸುಗಂಧರಾಜ, ಚೆಂಡುಹೂವು, ಯಾವನೋ ಪುಣ್ಯಾತ್ಮ ಏಲಕ್ಕಿ ಹಾರವನ್ನೂ ತಂದಿದ್ದ. ಮುಖ ನೋಡೋಣವೆಂದರೆ ಒಂದು ತಲೆ ಅಡ್ಡ. ಆ ತಲೆ ಸರಿದರೆ ಇನ್ನೊಂದು.

“ಡಾಕ್ಟ್ರಮ್ಮ, ಸ್ವಲ್ಪ ಆ ಕಡೆ ಕೂತ್ಕೊಳ್ಳಿ. ಕ್ಯೂ ಇದೆ,” ಎಂದ ಕೆಂಪರಾಜ್. ಆಟೋ ಸ್ಟ್ಯಾಂಡಿನ ಈ ಮನುಷ್ಯ ಬೆಳಗ್ಗಿನಿಂದ ಯಾರೂ ಹೇಳದೆಯೇ ಯಜಮಾನಿಕೆ ವಹಿಸಿಕೊಂಡಿದ್ದ.

ಕ್ಯೂ ಅಂತೆ. ಕಟ್ಟಿಕೊಂಡ ಹೆಂಡತಿ ಕ್ಯೂ ನೋಡಿ ಜಾಗ ಬಿಡಬೇಕಂತೆ. ಅವಳು ಎದ್ದು ಗೋಡೆ ಪಕ್ಕದ ಬೆಂಚಿಗೆ ಹೋದಳು. ರೋಗಿಗಳು ಕೂರುತ್ತಿದ್ದ ಬೆಂಚು ಅದು.

ಒಳಗೆ ನಮ್ಮ ಕೋಣೆಯಲ್ಲೇ ಮಲಗಿಸಿ ಎಂದು ಅವಳು ಬೇಡಿಕೊಂಡಿದ್ದಳು. ಅಳಿಯ ಮಧುಕರ್, “ಜನ ಜಾಸ್ತಿ ಅತ್ತೆ, ಕ್ಲಿನಿಕ್ಕೇ ಸರಿ” ಎಂದುಬಿಟ್ಟ. ಜೋಗುಪಾಳ್ಯದ ಆ ಮನೆಯ ಮುಂಭಾಗ ಕ್ಲಿನಿಕ್ಕು, ಹಿಂಭಾಗ ಸಂಸಾರ. ಡಾಕ್ಟರ್ ಮುನಿರಾಜಪ್ಪ ಬಾಳಿದ್ದೆಲ್ಲ ಮುಂಭಾಗದಲ್ಲಿ. ಹಿಂಭಾಗಕ್ಕೆ ಊಟಕ್ಕೂ ನಿದ್ದೆಗೂ ಬರುತ್ತಿದ್ದರು. ಬೆಳಗ್ಗೆ ಮಿಲಿಟರಿಯವರು ಬಂದು ಹೂಚಕ್ರ ಇಟ್ಟು, ಸೆಲ್ಯೂಟ್ ಹೊಡೆದು, ಮಗಳು ನಂದಿತಾಳ ಹತ್ತಿರ ನಾಲ್ಕು ಮಾತಾಡಿ ಹೋದರು. ಇನ್ನು ಸ್ವಲ್ಪ ಹೊತ್ತಿಗೆ ಕಲ್ಪಳ್ಳಿ ಸ್ಮಶಾನದ ಗಾಡಿ ಬರುತ್ತದೆ. ಅಷ್ಟರೊಳಗೆ ಒಂದು ಗಳಿಗೆ, ಬೇರೆ ಯಾರೂ ಇಲ್ಲದೆ, ಅವರ ಪಕ್ಕ ಕೂರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ಅವಳಿಗಿಂತ ಜೋರಾಗಿ ಅಳುವ ಹೆಂಗಸರು ಹೆಣದ ಸುತ್ತ ಕೋಟೆ ಕಟ್ಟಿಕೊಂಡಿದ್ದರು. ಅವರನ್ನು ನೋಡಿ ನೋಡಿ ಅವಳ ಕಣ್ಣೀರು ಹಿಂಗಿಯೇ ಹೋಗಿತ್ತು.

*

ಎಪ್ಪತ್ತೊಂದರ ಯುದ್ಧ ಮುಗಿಸಿ, ಸೈನ್ಯ ಬಿಟ್ಟು ಬಂದ ಕ್ಯಾಪ್ಟನ್ ಡಾಕ್ಟರನ್ನು ಮದುವೆಯಾದಾಗ ಕೆ.ಆರ್. ಪುರದ ಅವಳ ಗೆಳತಿಯರೆಲ್ಲ ಹೊಟ್ಟೆ ಉರಿದುಕೊಂಡಿದ್ದರು. ಉರಿದುಕೊಳ್ಳಲಿ ಎಂದು ಅವಳೂ ಸ್ವಲ್ಪ ಮೆರೆದಿದ್ದಳು.

“ಯುದ್ಧದಲ್ಲಿ ಏನೇನಾಯ್ತು, ಹೇಳ್ರೀ,” ಎಂದಳು ಒಂದು ದಿನ.

“ಏನಿಲ್ಲ ಕಣೇ. ವಿಪರೀತ ಚಳಿ,” ಎಂದರು ಡಾಕ್ಟರು, ಶೂ ಲೇಸು ಕಟ್ಟಿಕೊಳ್ಳುತ್ತ.

ಮತ್ತೆ ಕೇಳಿದಳು, ಮತ್ತೆ ಚಳಿ. ನಂದಿತಾ ಹುಟ್ಟಿದ ಮೇಲೆ ಕೇಳಿದಳು, ಆಗಲೂ ಚಳಿಯೇ. ಕೊನೆಗೆ ಕೇಳುವುದನ್ನೇ ಬಿಟ್ಟಳು. ಯಾರ ಹತ್ತಿರವೂ ಬಾಯಿ ಬಿಡದ ಮನುಷ್ಯ, ನನ್ನ ಹತ್ತಿರವೂ ಬಿಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಳು.

*

ಬುರ್ಖಾದ ಹೆಂಗಸೊಬ್ಬಳು ಬಂದು ಡಾಕ್ಟರ ಕಾಲ ಬಳಿ ಕುಸಿದು ಕೂತಳು. ಶಿವಾಜಿನಗರದಲ್ಲಿ ಬಟ್ಟೆ ಹೊಲಿಯುವ ಆತಿಕಾ. ಅವಳ ಬಲಗೈ ಮೊಣಕೈವರೆಗೂ ಸುಟ್ಟು ಸುಕ್ಕುಗಟ್ಟಿತ್ತು.

“ಸ್ಟೋವ್ ಸಿಡ್ದು ಹಿಂಗಾಯ್ತು,” ಎಂದು ಅವಳು ಪಕ್ಕದವರಿಗೆ ಹೇಳುತ್ತಿದ್ದಳು. “ದಿನಾ ಪಟ್ಟಿ ಬಿಚ್ಚೋವಾಗ ಪ್ರಾಣ ಹೋಗೋದು. ಆಗ ಡಾಕ್ಟರ್ ಸಾಬ್ ಅಂಬಣ್ಣನ ಕತೆ ಹೇಳೋರು.”

ಭಾಗ್ಯಲಕ್ಷ್ಮಿ ಬೆಂಚಿನಿಂದ ಮುಂದಕ್ಕೆ ಬಾಗಿದಳು. “ಯಾವ ಅಂಬಣ್ಣ?”

“ನಿಮಗ್ಗೊತ್ತಿಲ್ವಾ ಅಮ್ಮಾ? ಲಡಾಯಿಲಿದ್ನಲ್ಲ, ಯಾದಗಿರಿ ಕಡೆ ಸಿಪಾಯಿ. ಎರಡೂ ಕಾಲು ಹೋಗಿತ್ತು. ಡಾಕ್ಟರ್ ಸಾಬ್ ರಕ್ತ ನಿಲ್ಲಿಸೋಕೆ ಒತ್ತಿ ಹಿಡ್ಕೊಂಡು ಕೂತಿದ್ರೆ, ಅವ್ನು ಜೋಳದ ರೊಟ್ಟಿ ಕೇಳ್ತಿದ್ನಂತೆ. ಈಗ ಊರಲ್ಲಿ ಬಟ್ಟೆ ಅಂಗಡಿ ಇಟ್ಟಿದಾನೆ, ಎರಡು ಹೆಣ್ಮಕ್ಳು. ಅವನೇ ಬದುಕಿದಾನೆ, ನಿಂದೇನು ಬರೀ ಕೈ ಅನ್ನೋರು.”

“ಬಟ್ಟೆ ಅಂಗಡಿ ಅಲ್ಲಮ್ಮ, ಆಟೋ,” ಎಂದ ಕೆಂಪರಾಜ್. “ಬ್ರೇಕೆಲ್ಲ ಕೈಗೇ ಮಾಡಿಸ್ಕೊಂಡು ಓಡಿಸ್ತಾನೆ. ನನ್ ಕಾಲು ಮುರ್ದಾಗ ಡಾಕ್ಟ್ರೇ ಹೇಳಿದ್ದು.”

“ಇಬ್ರಿಗೂ ಗೊತ್ತಿಲ್ಲ ಬಿಡಿ,” ಎಂದಳು ಹೂ ಮಾರುವ ಚಿಕ್ಕಮುನಿಯಮ್ಮ. “ಅವ್ನು ಇಸ್ಕೂಲ್ ಮೇಷ್ಟ್ರು. ನನ್ ಮಗೀನ ಹಣೆಗೆ ಹೊಲಿಗೆ ಹಾಕೋವಾಗ ಹೇಳವ್ರೆ.”

ಭಾಗ್ಯಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಕೈ ಸುಟ್ಟವಳಿಗೆ ಹೇಳಿದ್ದಾರೆ, ಕಾಲು ಮುರಿದವನಿಗೆ ಹೇಳಿದ್ದಾರೆ, ಹಣೆ ಒಡೆದುಕೊಂಡ ಮಗುವಿಗೂ ಹೇಳಿದ್ದಾರೆ. ಹೆಂಡತಿಗೆ ಮಾತ್ರ ಚಳಿ. ಒಂದು ಸಲವಾದರೂ ತಾನೂ ಕೈ ಸುಟ್ಟುಕೊಳ್ಳಬೇಕಿತ್ತು ಎನಿಸಿತು.

ಯಾವ ಅಂಬಣ್ಣ ಎಂದು ಕೇಳಿದಳೇ ಹೊರತು, ಆ ಹೆಸರು ಅವಳಿಗೆ ಹೊಸದಲ್ಲ. ಅದು ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು.

*

ಮಧ್ಯಾಹ್ನ ಊಟವಾದ ಮೇಲೆ ಡಾಕ್ಟರು ಸ್ವಲ್ಪ ಹೊತ್ತು ಮಲಗುತ್ತಿದ್ದರು. ಪಾತ್ರೆ ಎತ್ತಿಟ್ಟು ಅವಳೂ ಬಂದು ಪಕ್ಕದಲ್ಲಿ ಉರುಳುತ್ತಿದ್ದಳು. ಕೆಲವು ದಿನ, ನಿದ್ದೆ ಹತ್ತಿದ ಮೇಲೆ, ಅವರ ಕೈಗಳು ಅವಳ ತೋಳನ್ನು ಹುಡುಕಿಕೊಂಡು ಬರುತ್ತಿದ್ದವು. ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳು ಊರಿ, ಮೂಳೆ ಮುಟ್ಟುವ ಹಾಗೆ ಒತ್ತುವರು.

“ಅಂಬಣ್ಣ, ಕಣ್ ಮುಚ್ಬೇಡ. ಮಾತಾಡು. ರೊಟ್ಟಿ ಕೊಡಿಸ್ತೀನಿ, ಮಾತಾಡು.”

ಅವಳು ಹಲ್ಲು ಕಚ್ಚಿಕೊಂಡು, ತುಟಿಪಿಟಕ್ಕೆನ್ನದೆ ಮಲಗಿರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬೆರಳುಗಳು ತಾವಾಗಿಯೇ ಸಡಿಲವಾಗುತ್ತಿದ್ದವು. “ಹೋದ,” ಎನ್ನುವರು. ಪ್ರತಿ ಸಲವೂ ಹಾಗೆಯೇ. ಅಂಬಣ್ಣ ಒಂದು ದಿನವೂ ಬದುಕಲಿಲ್ಲ.

ಎದ್ದ ಮೇಲೆ ಡಾಕ್ಟರಿಗೆ ಏನೂ ನೆನಪಿರುತ್ತಿರಲಿಲ್ಲ. ಕಾಫಿ ಕೇಳುವರು. ಅವಳ ತೋಳು ಕಂದಿದ್ದು ಕಂಡು, “ಎಲ್ಲಿ ತಗುಲಿಸ್ಕೊಂಡ್ಯೇ?” ಎಂದರೆ, “ಕಪಾಟು ಬಡೀತು” ಎನ್ನುವಳು. ನಿಜ ಹೇಳಿದರೆ ಬೇರೆ ಮಂಚ ಹಾಕಿಸಿಕೊಂಡುಬಿಡುವ ಮನುಷ್ಯ, ಅವಳಿಗೆ ಗೊತ್ತು. ಊರಿಗೆಲ್ಲ ಹಂಚಿ ಮಿಕ್ಕ ಗಂಡ ಅವಳ ಪಾಲಿಗೆ ಬರುತ್ತಿದ್ದದ್ದೇ ಆ ಮಧ್ಯಾಹ್ನಗಳಲ್ಲಿ. ನೋವಾದರೆ ಆಗಲಿ, ಅದನ್ನೂ ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

*

“ಅಮ್ಮಾ, ನೀವೇ ಹೇಳಿ,” ಎಂದಳು ಆತಿಕಾ. “ಅಂಗಡೀನಾ, ಆಟೋನಾ? ಅವನಿಗೆ ವಿಷಯ ತಿಳಿಸಿದೀರಾ?”

ಎಲ್ಲರೂ ಅವಳ ಕಡೆ ತಿರುಗಿದರು. ಬೆಳಗ್ಗಿನಿಂದ ಇದೇ ಮೊದಲು.

ಹೇಳಿಬಿಡಬೇಕು ಎನಿಸಿತು. ಅವನು ಅವತ್ತೇ ಸತ್ತ. ನಿಮಗೆ ಹೇಳಿದ್ದೆಲ್ಲ ಪಟ್ಟಿ ಬಿಚ್ಚುವಾಗ ಅರಚದಿರಲಿ ಎಂದು ಕಟ್ಟಿದ ಸುಳ್ಳು. ಹೇಳಿ, ಆ ಆತಿಕಾಳ ಮುಖ ಇಷ್ಟೇ ಇಷ್ಟಾಗುವುದನ್ನು ಕಣ್ಣಾರೆ ನೋಡಬೇಕು. ಮಾತು ನಾಲಿಗೆಯ ತುದಿಗೇ ಬಂತು. ಬಂದದ್ದು ಅಲ್ಲೇ ನಿಂತಿತು. ಹೇಳಿದರೆ ಆಗುವುದೇನು? ಎಲ್ಲರೂ ಸುತ್ತ ಕೂತು ಅಂಬಣ್ಣನಿಗೂ ಅಳುತ್ತಾರೆ. ನಾಳೆ ಅವನ ಸಾವೂ ಬೀದಿಯವರದ್ದಾಗುತ್ತದೆ. ಕೊಡುವುದಿಲ್ಲ, ಇದೊಂದನ್ನು ಮಾತ್ರ ಯಾರಿಗೂ ಕೊಡುವುದಿಲ್ಲ ಎಂದುಕೊಂಡಳು.

“ತಿಳಿಸಿದೀನಿ,” ಎಂದಳು. “ಬಂದಿದಾನೆ. ಹಲಸೂರು ಮೆಟ್ರೋ ಹತ್ರ ಇಳಿದಿದಾನಂತೆ. ಪಾಪ, ಕಾಲಿಲ್ಲದೋನು, ಈ ಗಲ್ಲೀಲಿ ಅವನಿಗೆ ದಾರಿ ಹೇಗೆ ಸಿಗತ್ತೆ?”

“ಮೊದ್ಲೇ ಹೇಳೋದಲ್ವಾ ಡಾಕ್ಟ್ರಮ್ಮ,” ಎನ್ನುತ್ತ ಕೆಂಪರಾಜ್ ಕಿಸೆಯಿಂದ ಆಟೋ ಕೀ ತೆಗೆದ. “ಎತ್ಕೊಂಡು ಬರೋಕೆ ಜನ ಬೇಕು, ಬನ್ರೋ.” ಗಂಡಸರು ಅವನ ಹಿಂದೆ ನುಗ್ಗಿದರು. ಚಿಕ್ಕಮುನಿಯಮ್ಮ ಮೊಳದುದ್ದ ಮಲ್ಲಿಗೆ ಕೈಯಲ್ಲಿ ಹಿಡಿದುಕೊಂಡೇ ಎದ್ದಳು. “ನಾನು ನೋಡಿದ್ ತಕ್ಷಣ ಗುರ್ತು ಹಿಡೀತೀನಿ,” ಎಂದು ಆತಿಕಾ ಕಣ್ಣೊರೆಸಿಕೊಂಡು ಹೊರಗೋಡಿದಳು. ಹೆಣದ ಸುತ್ತ ಕೂತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಅವಳ ಹಿಂದೆ ಎದ್ದುಹೋದರು.

ಅಷ್ಟರಲ್ಲಿ ಗಾಡಿ ಬಂತು. ಮಧುಕರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡ.

“ಕಾಯ್ಲಿ ಸಾರ್,” ಎಂದು ಬೀದಿಯಿಂದಲೇ ಕೆಂಪರಾಜ್ ಕೂಗಿದ. “ಅಷ್ಟು ದೂರದಿಂದ ಬಂದೋನು ಮುಖ ನೋಡ್ದೆ ಎತ್ತೋದುಂಟಾ?”

ಅದೂ ಹೌದೆನಿಸಿ, ಸ್ವಲ್ಪ ಕಾಯಲು ಡ್ರೈವರಿಗೆ ಹೇಳಲೆಂದು ಮಧುಕರನೂ ಇಳಿದುಹೋದ. ಕೊನೆಗೆ ಉಳಿದವಳು ನಂದಿತಾ.

“ಅಮ್ಮಾ, ಅಪ್ಪ ನಂಗ್ಯಾವತ್ತೂ ಹೇಳ್ಲಿಲ್ವಲ್ಲ. ಯಾರಮ್ಮ ಅಂಬಣ್ಣ?”

“ಹೋಗಿ ನೀನೇ ನೋಡು,” ಎಂದಳು ಭಾಗ್ಯಲಕ್ಷ್ಮಿ.

ಮಗಳೂ ಹೋದಳು. ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಎಲ್ಲರ ಬೆನ್ನು ಇತ್ತ, ಮುಖ ಮೇನ್ ರೋಡಿನತ್ತ. ಬಂದ ಆಟೋಗಳನ್ನೆಲ್ಲ ನಿಲ್ಲಿಸಿ ಬಗ್ಗಿ ಬಗ್ಗಿ ಒಳಗೆ ನೋಡುತ್ತಿದ್ದರು. ಭಾಗ್ಯಲಕ್ಷ್ಮಿ ಕ್ಲಿನಿಕ್ಕಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಒಳಗಿನಿಂದ ಚಿಲಕ ಹಾಕಿಕೊಂಡಳು.