ಎಂಟನೆಯ ಓವಲ್

ತಿಪ್ಪೇಶ ಸತ್ತ ಹನ್ನೊಂದು ತಿಂಗಳಿಗೆ ಅವನ ಹಗ್ಗದ ಚೀಲ ಕೇಳಿಕೊಂಡು ಇಬ್ಬರು ಬಂದರು. ಒಬ್ಬ ಭೀಮರಾಜು. ಮಧುಗಿರಿ ಬೆಟ್ಟದ ಬುಡದಲ್ಲಿ ತಿಪ್ಪೇಶ ಬಂಡೆ ಹತ್ತುವುದನ್ನು ಕಲಿಸುತ್ತಿದ್ದಷ್ಟು ಕಾಲವೂ ಕೆಳಗೆ ನಿಂತು ಹಗ್ಗ ಹಿಡಿದವನು. ಇನ್ನೊಬ್ಬಳು ಹೊಳವನಹಳ್ಳಿಯ ಸ್ಪಂದನಾ, ಮೊದಲ ಶಿಷ್ಯೆ. ನಿಂತುಹೋಗಿದ್ದ ಭಾನುವಾರದ ತರಗತಿಯನ್ನು ಇವತ್ತಿನಿಂದ ಇವಳೇ ನಡೆಸುತ್ತಾಳಂತೆ.

ರಾಧಾಮಣಿ ಗಂಡನ ಚೀಲವನ್ನು ಚಾಪೆಯ ಮೇಲೆ ಸುರಿದಳು. ಹಗ್ಗ, ಪಟ್ಟಿ, ಏಳು ಓವಲ್ ಕ್ಯಾರಾಬೀನರ್. ಹಗ್ಗವನ್ನು ಬಂಡೆಯ ಬೋಲ್ಟಿಗೆ ಸೇರಿಸುವ ಮೊಟ್ಟೆಯಾಕಾರದ ಕೊಂಡಿಗಳು, ಒಂದು ಪಕ್ಕಕ್ಕೆ ಸ್ಪ್ರಿಂಗಿನ ಗೇಟು. ಒಂದೊಂದರ ಬೆನ್ನಿಗೂ ಮರೂನ್ ಉಗುರುಬಣ್ಣ. ಬೇರೆಯವರ ಸಾಮಾನಿನೊಳಗೆ ಬೆರೆಯದಿರಲಿ ಎಂದು ಅವಳೇ ಹಚ್ಚಿದ್ದು.

ಸ್ಪಂದನಾ ಒಂದೊಂದನ್ನೇ ಎತ್ತಿ, ಹಗ್ಗ ಸವೆಸಿದ ಗೆರೆ ಇದೆಯೇ ಎಂದು ಬೆರಳಾಡಿಸಿ, ಕಿವಿಯ ಹತ್ತಿರ ಹಿಡಿದು ಗೇಟನ್ನು ಒತ್ತಿ ಬಿಟ್ಟಳು. ಟಕ್. ರಾಧಾಮಣಿ ತಟ್ಟನೆ ತಲೆಯೆತ್ತಿದಳು. ಹಾಗೆ ಕಿವಿಗೊಟ್ಟು ಕೇಳುವುದನ್ನು ತಿಪ್ಪೇಶ ಮನೆಯ ಮೆಟ್ಟಿಲ ಮೇಲೆ ಕೂತು ತನಗೊಬ್ಬಳಿಗೇ ತೋರಿಸಿದ್ದ ಎಂದುಕೊಂಡಿದ್ದಳು.

"ಓವಲ್ಲೇ ಯಾಕವ್ವಾ? ಡಿ ಆಕಾರದ್ದು ಇನ್ನೂ ಗಟ್ಟಿ ಅಂತಾರಪ್ಪ," ಎಂದು ಸ್ಪಂದನಾಳನ್ನು ಪರೀಕ್ಷಿಸಿದ ಭೀಮರಾಜು.

"ಗಟ್ಟಿ ಹೌದು ರಾಜಣ್ಣ. ಆದ್ರೆ ಎಲ್ಡು ಓವಲ್ ಜೋಡಿ ಮಾಡಿ, ಗೇಟು ಒಂದು ಅತ್ಲಾಗೆ ಒಂದು ಇತ್ಲಾಗೆ ಬರಂಗೆ ಹಾಕು. ಒಂದ್ರ ಪಕ್ಕ ಒಂದು ಅಂಗೇ ಕೂತ್ಕಂತವೆ. ಒಂದು ಬಾಯಿ ಬುಟ್ರೂ ಇನ್ನೊಂದು ಬುಡಲ್ಲ."

"ನಮ್ಮನೇಲಿ ಎಲ್ಡೂ ಒಟ್ಟಿಗೇ ಬಾಯಿ ಬುಡ್ತವೆ ಕಣವ್ವಾ, ನಮ್ಮವ್ವಂದೂ ನಮ್ಮೆಂಡ್ರುದೂ!"

ಸ್ಪಂದನಾ ನಕ್ಕಳು. ರಾಧಾಮಣಿ ನಗಲಿಲ್ಲ. ಜೋಡಿಯ ಬಗ್ಗೆ ಸ್ಪಂದನಾ ಹೇಳಿದ್ದು ತಿಪ್ಪೇಶನದೇ ಮಾತು. 'ಗೇಟು' ಎಂದಮೇಲೆ ಒಂದು ಗಳಿಗೆ ನಿಲ್ಲಿಸುತ್ತಿದ್ದದ್ದೂ ಹಾಗೇ ಬಂದಿತ್ತು. ಆಗಲೇ ಅವಳ ಕಣ್ಣಿಗೆ ಸ್ಪಂದನಾಳ ಸೊಂಟದ ಪಟ್ಟಿ ಬಿತ್ತು. ಅಲ್ಲಿ ಎಂಟನೆಯದು ತೂಗುತ್ತಿತ್ತು. ಮರೂನ್.

"ಅದು ನಿನ್ನತ್ರ ಹೆಂಗೆ ಬಂತು?"

"ಸರ್ ಕೊಟ್ಟಿದ್ರಕ್ಕ. ಇಟ್ಕೋ ಅಂತ."

ಹನ್ನೊಂದು ತಿಂಗಳಿಂದ ರಾಧಾಮಣಿ ಏಳನ್ನೇ ಮತ್ತೆ ಮತ್ತೆ ಎಣಿಸಿದ್ದಳು. ಎಂಟನೆಯದು ಕಳೆದುಹೋಗಿರಬೇಕು ಎಂದುಕೊಂಡಿದ್ದಳು. ತನ್ನ ಸೀಸೆಯ ಬಣ್ಣ ಹಚ್ಚಿದ್ದನ್ನು ಅವನು ಇವಳ ಕೈಗೆ ಕೊಟ್ಟಿದ್ದ!

"ನಾನೂ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು.

ಬೆಟ್ಟದ ಬುಡದಲ್ಲಿ ಬಂಡೆಯ ಹಿಂಬದಿಯಿಂದ ಹತ್ತಿ ಇಬ್ಬರು ಹೆಂಗಸರೂ ನೆತ್ತಿಗೆ ಬಂದರು. ಕೆಳಗೆ ಭೀಮರಾಜು ಹಗ್ಗದ ಕೆಳತುದಿಯ ಸಿಕ್ಕು ಬಿಡಿಸುತ್ತಿದ್ದ. ಸ್ಪಂದನಾ ಬೋಲ್ಟಿನ ಪಟ್ಟಿಗೆ ಚೀಲದಿಂದ ಒಂದು ಓವಲ್ ಹಾಕಿದಳು. ಜೋಡಿಗೆ ಸೊಂಟದ್ದನ್ನು ಬಿಚ್ಚಿದಳು. "ಇಷ್ಟು ದಿನ ನೀರಿನ ಬಾಟಲಿ ಹೊತ್ತಿತ್ತು. ಇವತ್ತು ನನ್ನ ಹೊರಬೇಕು," ಎಂದು ನಕ್ಕು ಗೇಟು ಒತ್ತಿದಳು.

ಆಗ ರಾಧಾಮಣಿಗೆ ಆ ಕೊನೆಯ ಭಾನುವಾರ ನೆನಪಾಯಿತು. ಎಂಟಕ್ಕೂ ಬಣ್ಣ ದಪ್ಪಗೆ ಹಚ್ಚಿ ಬಾಗಿಲ ಮೊಳೆಗೆ ನೇತುಹಾಕಿದ್ದಳು. ತಿಪ್ಪೇಶ ಸ್ನಾನ ಮುಗಿಸಿ ಬಂದವನೇ ಹಣೆ ಚಚ್ಚಿಕೊಂಡ. "ಲೇ, ಕಚ್ಚು ಹಾಕಿದ್ದನ್ನೂ ಮುಚ್ಚಿಬುಟ್ಯಲ್ಲೇ!" ಎತ್ತರದಿಂದ ಬಂಡೆಗೆ ಬಿದ್ದ ಕೊಂಡಿಯ ಬೆನ್ನಿಗೆ ಅವನು ಅರದಿಂದ ಕಚ್ಚು ಹಾಕುತ್ತಿದ್ದ, ಅದಕ್ಕೆ ಮತ್ತೆಂದೂ ಭಾರ ಹಾಕುವಂತಿರಲಿಲ್ಲ. "ಒಣಗ್ಲಿ, ಕೆರೆದು ಹುಡುಕಾನ," ಅಂದಿದ್ದ. ಬುಧವಾರ ಶಿರಾ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಆಮೇಲೆ ಅವಳು ಏಳರ ಬೆನ್ನನ್ನೂ ಕೆರೆದು ನೋಡಿ ಮತ್ತೆ ಬಣ್ಣ ಹಚ್ಚಿದ್ದಳು. ಯಾವುದರಲ್ಲೂ ಕಚ್ಚು ಇರಲಿಲ್ಲ.

ಸ್ಪಂದನಾ ಜೋಡಿಗೆ ಹಗ್ಗ ಹಾಕಿ ಅಂಚಿಗೆ ಬೆನ್ನು ಮಾಡಿ ನಿಂತಳು. ರಾಧಾಮಣಿ ಬಾಯಿ ತೆರೆಯಲಿಲ್ಲ. ಅವನೇ ಕೊಟ್ಟಿದ್ದನಲ್ಲ, ಅದೇ ಇವಳನ್ನು ಹೊರಲಿ. ಸ್ಪಂದನಾ ಹಗ್ಗಕ್ಕೆ ಮೈ ಬಿಡಲು ಮೊಣಕಾಲು ಬಗ್ಗಿಸಿದಳು.

"ನಿಲ್ಲು! ಅದನ್ನ ಬಿಚ್ಚು. ಇಲ್ಲಿ ಕೊಡು."

ಸ್ಪಂದನಾ ಅಂಚಿನಿಂದ ಒಳಗೆ ಬಂದು ಕೊಂಡಿ ಬಿಚ್ಚಿಕೊಂಡಳು. ಮುಖ ಕೆಂಪಾಗಿತ್ತು. "ಇದೊಂದಾದ್ರೂ ನನ್ನತ್ರ ಇರ್ಲಿ ಬುಡಕ್ಕ. ಮಿಕ್ಕಿದ್ದೆಲ್ಲಾ ನಿಮ್ದೇ ಅಲ್ವಾ?"

ರಾಧಾಮಣಿ ಅವಳ ಕೈಯಿಂದ ಕೊಂಡಿಯನ್ನು ಕಿತ್ತುಕೊಂಡು ತಲೆಪಿನ್ನಿನಿಂದ ಬಣ್ಣ ಕೆರೆದಳು. ಮರೂನ್ ಚಕ್ಕೆ ಎದ್ದ ಕಡೆ ಅರದ ಗೆರೆ ಕಂಡಿತು. ಆ ಭಾನುವಾರದ್ದನ್ನೆಲ್ಲ ಹೇಳಬೇಕಾಯಿತು. ತನ್ನೊಬ್ಬಳದೇ ಆಗಿದ್ದದ್ದನ್ನು ಇವಳ ಮುಂದೆ ಹೇಳುವುದು ಸಂಕಟವಾಗಿತ್ತು.

"ಕಚ್ಚು ಹಾಕಿದ್ದನ್ನ ಅವ್ರು ಯಾರಿಗೂ ಕೊಡಲ್ಲ," ಎಂದು ಮುಗಿಸಿದಳು.

ಸ್ಪಂದನಾ ಬಂಡೆಯ ಮೇಲೆ ಕುಕ್ಕರಿಸಿದಳು. "ಸರ್ ಕೊಡ್ಲಿಲ್ಲಕ್ಕ. ಸೋಮವಾರ ಹಗ್ಗ ಕೊಡಾಕ್ ಬಂದಿದ್ದೆ. ಬಾಗಿಲಲ್ಲಿ ನೇತಾಡ್ತಿತ್ತು. ಬಣ್ಣ ಚೆನ್ನಾಗೈತೆ ಅಂತ ತಗಂಡ್ಬುಟ್ಟೆ. ಆಮೇಲೆ ಹೇಳಣ ಅಂದ್ರೆ ಸರ್ರೇ ಇರ್ಲಿಲ್ಲ."

"ಏನವ್ವಾ, ಇಳೀತೀರೋ ಅಲ್ಲೇ ಮನೆ ಮಾಡ್ತೀರೋ?" ಭೀಮರಾಜು ಕೆಳಗಿನಿಂದ ಕೂಗಿದ.

ರಾಧಾಮಣಿ ಚೀಲಕ್ಕೆ ಕೈ ಹಾಕಿ ಇನ್ನೊಂದು ಓವಲ್ ತೆಗೆದು, ಬೆನ್ನು ಸವರಿ, ಚಾಚಿದಳು. ಸ್ಪಂದನಾ ಅದನ್ನು ಕಿವಿಯ ಹತ್ತಿರ ಒಯ್ದವಳು ರಾಧಾಮಣಿಯ ಮುಖ ನೋಡಿ ಕೈ ಇಳಿಸಿದಳು.

"ಕೇಳು," ಎಂದಳು ರಾಧಾಮಣಿ. "ಕೇಳ್ದೆ ಹಾಕ್ಬಾರ್ದು."

ಟಕ್. ಗೇಟುಗಳನ್ನು ಎದುರುಬದುರು ಮಾಡಿ ಸ್ಪಂದನಾ ಜೋಡಿ ಕೂರಿಸಿದಳು. ಅಂಚಿಗೆ ಹೋದಳು.

"ಸಂಜೆ ಏಳೂ ವಾಪಸ್ ಬರ್ಬೇಕು," ಎಂದಳು ರಾಧಾಮಣಿ. "ಎಣಿಸ್ತೀನಿ."

"ಆಯ್ತಕ್ಕ."

ಹಗ್ಗ ಬಿಗಿಯಿತು. ರಾಧಾಮಣಿ ಕಚ್ಚು ಹಾಕಿದ್ದನ್ನು ಮುಷ್ಟಿಯಲ್ಲಿ ಹಿಡಿದು, ಆ ಹುಡುಗಿ ಕೆಳಗೆ ಮುಟ್ಟುವವರೆಗೂ ಜೋಡಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.