ಮೇಡಂ ಕಂಠಕ್ಕೆ ಕಾವಲು

"ಏಯ್ ಟ್ರ್ಯಾಕು, ಎಮ್ಮೆ ಥರ ಉಸಿರು ಬಿಡ್ಬೇಡ ಕಣೇ. ಮೇಡಂ ಹಂಗೆಲ್ಲ ಬಿಡಲ್ಲ."

ಗಾಜಿನಾಚೆ ಕೂತಿದ್ದ ಕಂಪನಿ ಮ್ಯಾನೇಜರನ ಬೈಗುಳ ನೇರ ಹೆಡ್‌ಫೋನಿನೊಳಗೇ ಬಂತು.

"ಎತ್ತರಕ್ಕೋದಾಗ ಮೇಡಂ ಬಿಡೋ ಉಸಿರೂ ನಂದೇ ಅಲ್ವಾ ಸಾರ್?" ಎಂದಳು ಟ್ರ್ಯಾಕಕ್ಕ. ಮ್ಯಾನೇಜರನ ಪಕ್ಕ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಸೌಂಡಣ್ಣ ಕೆಮ್ಮು ಬಂದವನಂತೆ ನಟಿಸಿ ನಗು ನುಂಗಿದ.

ಅವಳಿಗೊಂದು ಹೆಸರಿತ್ತು. ಆದರೆ ಈ ಕಟ್ಟಡದ ಮೆಟ್ಟಿಲು ಹತ್ತಿದ ಮೂವತ್ತು ವರ್ಷದಲ್ಲಿ ಅದನ್ನು ಕೇಳಿದವರಿಲ್ಲ. ಹೊಸ ಹಾಡು ಬಂದರೆ ಮೊದಲು ಅವಳು 'ಟ್ರ್ಯಾಕ್' ಹಾಡಬೇಕು. ಅದನ್ನು ಕೇಳಿ ಕಲಿತು ಹೆಸರಾಂತ ಗಾಯಕಿ ಮೇಡಂ ಹಾಡಬೇಕು. ಆಮೇಲೆ ಇವಳದನ್ನು ಅಳಿಸಬೇಕು. ದರ್ಜಿ ಹಾಕುವ ಕಚ್ಚಾ ಹೊಲಿಗೆಯಂಥ ಕೆಲಸ, ಅಂಗಿ ಸಿದ್ಧವಾದ ಮೇಲೆ ದಾರ ಕಸದ ಬುಟ್ಟಿಗೆ. ಹನ್ನೆರಡು ವರ್ಷದ ಹಿಂದೆ ಮೇಡಂ ಗಂಟಲು ಮೇಲಿನ ಸ್ವರದಲ್ಲಿ ಕೈಕೊಟ್ಟಿತು. ಮ್ಯಾನೇಜರ್ ಹೇಳಿದನೆಂದು ಸೌಂಡಣ್ಣ ಅಲ್ಲಿಗೆ ಮಾತ್ರ ಇವಳ ದನಿಯನ್ನು ಅಳಿಸದೆ ಉಳಿಸಿದ. ಇದೊಂದು ಸಲ ಅಂದಿದ್ದರು. ಆ ಒಂದು ಸಲ ಇನ್ನೂ ಮುಗಿದಿಲ್ಲ. ಏಳು ಸಮುದ್ರದಾಚೆಯ ಗಿಣಿಯಲ್ಲಿ ರಾಕ್ಷಸನ ಪ್ರಾಣ ಇತ್ತಂತಲ್ಲ, ಹಾಗೆ ಮೇಡಂ ಕೀರ್ತಿಯೆಲ್ಲ ಇವಳ ಗಂಟಲಲ್ಲಿ. ಆ ಗಿಣಿಗೂ ತನ್ನದೇ ಒಂದು ಪ್ರಾಣ ಇತ್ತೋ ಏನೋ, ಯಾವ ಅಜ್ಜಿಯೂ ಹೇಳಲಿಲ್ಲ.

ಈಗೊಂದು ಫಜೀತಿ ಎದ್ದಿತ್ತು. ಮೇಡಂ ಹಾಡದೇ ಇದ್ದ ಹಾಡೊಂದು ಮೇಡಂ ದನಿಯಲ್ಲೇ ಬೀದಿ ಬೀದಿ ಸುತ್ತುತ್ತಿತ್ತು. ಕಂಪನಿಯ ಹಾಡುಗಳನ್ನೆಲ್ಲ ತಿಂದು ದನಿ ಕಲಿತ ಯಾವುದೋ ಯಂತ್ರ ತೇಗಿದ್ದು ಅದು. ಕಂಪನಿ ಕೆರಳಿತು. 'ಕಲಾವಿದರ ಕಂಠ ಕಲಾವಿದರ ಸ್ವತ್ತು' ಎಂಬ ಬೋರ್ಡು ಗೋಡೆಗೋಡೆಗೆ ಏರಿತು, ಶೌಚಾಲಯದ ಬಾಗಿಲನ್ನೂ ಬಿಡಲಿಲ್ಲ. ದೂರು ತನಿಖಾ ಸಮಿತಿಗೆ ಹೋಯಿತು. ಹಾಡುವವರು ಮೊದಲು ಹೆಸರು ಹೇಳಬೇಕು, ನಿಲ್ಲದೆ ಹಾಡಬೇಕು, ಅದು ತಂತಿಯಲ್ಲಿ ನೇರ ನಮ್ಮ ಯಂತ್ರಕ್ಕೇ ಬರಬೇಕು, ಕದ್ದ ಹಾಡಿಗೆ ತಾಳೆಯಾದರೆ ಆ ಕಂಠವನ್ನು ಆ ಹೆಸರಿಗೇ ದಾಖಲು ಮಾಡುತ್ತೇವೆ, ಎಂದಿತು ಸಮಿತಿ.

ಮೇಡಂ ಅವರನ್ನು ಹಾಡಿಸಿ ಕಂಪನಿಯವರೇ ಮೊದಲು ಗುಟ್ಟಾಗಿ ತಾಳೆ ನೋಡಿದರು. ಎರಡು ದನಿಗೂ ದೂರದ ನೆಂಟಸ್ತನವೂ ಇಲ್ಲ ಎಂದಿತು ಕಂಪನಿಯ ತಾಳೆ ಯಂತ್ರ. ಕದ್ದ ಹಾಡು ಶುರುವಿನಿಂದ ಕೊನೆತನಕ ಮೇಲಿನ ಸ್ವರದಲ್ಲೇ ಇತ್ತು. ಮ್ಯಾನೇಜರ್ ಬೆವರಿದ. ಟ್ರ್ಯಾಕಕ್ಕನ ಗಲ್ಲಿಗೆ ಮೊದಲ ಸಲ ಕಾರು ಬಂತು. ಯಾರಿಗೆ ಏನಾಯಿತೋ ಎಂದು ಅಕ್ಕಪಕ್ಕದವರು ಪಾತ್ರೆ ತಿಕ್ಕುವ ಕೈಯಲ್ಲೇ ಹೊರಬಂದರು.

ಕೆಲಸ ಇಷ್ಟೇ: ಮೇಡಂ ಮಾತಾಡುವ ಹಾಗೇ ಮಾತಾಡಿ ಮೇಡಂ ಹೆಸರು ಹೇಳಬೇಕು, ಹಾಡಬೇಕು, ಈ ಕಂಠಕ್ಕೂ ನನಗೂ ಸಂಬಂಧವಿಲ್ಲ ಎಂಬ ಕಾಗದಕ್ಕೆ ರುಜು ಹಾಕಿ ಮನೆಗೆ ಹೋಗಬೇಕು.

ಮೈಕಿನ ಮುಂದೆ ಕಾಗದ ಕೈಗೆ ಬಂದಾಗ ಅವಳಿಗೆ ಹೋದ ವಾರದ್ದು ನೆನಪಾಯಿತು. ಮೊಮ್ಮಗಳನ್ನು ಮಲಗಿಸುತ್ತ ಅವಳು ಹಾಡಿದ್ದನ್ನು ಮಗಳು ಫೋನಿನಲ್ಲಿ ಹಿಡಿದು ನಾಲ್ಕು ಜನ ನೋಡಲಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದಳು. ಒಂದು ಗಂಟೆಯಲ್ಲಿ ಅದು ಮಾಯ. ಕಳವು ಹಿಡಿಯಲೆಂದು ಕಂಪನಿ ಕಾವಲಿಟ್ಟಿದ್ದ ಯಂತ್ರ ಅದನ್ನು ಕಿತ್ತುಹಾಕಿ, ಈ ದನಿ ಮೇಡಂ ಅವರ ಸ್ವತ್ತು ಎಂದು ನೋಟೀಸು ಕಳಿಸಿತ್ತು. ಅಮ್ಮಾ, ನೀನು ನಿನ್ನ ಗಂಟಲನ್ನೇ ಕದ್ದಿದೀಯಂತೆ, ಎಂದಿದ್ದಳು ಮಗಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ಆ ನಗು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಸಾರ್, ಇದು ದಾಖಲಾದ್ಮೇಲೆ ನಾನು ಎಲ್ಲಾದ್ರೂ ಹಾಡಿದ್ರೆ ಕಳ್ಳಿ ಆಗ್ತೀನಾ?"

"ಒಳಗೊಳಗೇ ಹಾಡ್ಕೋ, ಮುಂಡೇದೆ. ಮೇಡಂ ಹೆಸ್ರಿಲ್ದೆ ನಿನ್ ದನಿಗೆ ನಾಯೀನೂ ಕಿವಿ ಎತ್ತಲ್ಲ."

"ಹಂಗಾದ್ರೆ ನಾಯಿಗೇ ಕಾರು ಕಳಿಸ್ಬೋದಿತ್ತು."

ಮ್ಯಾನೇಜರ್ ಹಲ್ಲು ಕಡಿಯುವಷ್ಟರಲ್ಲಿ ಕೆಂಪು ದೀಪ ಹತ್ತಿತು. ತಂತಿಯ ಆ ತುದಿಯಲ್ಲಿ ಸಮಿತಿಯವರು ಕಿವಿಗೊಟ್ಟು ಕೂತಿದ್ದರು.

ಟ್ರ್ಯಾಕಕ್ಕ ಕಾಗದವನ್ನು ಮಡಚಿ ಅಲ್ಲಾಡುತ್ತಿದ್ದ ಮೈಕಿನ ಕಾಲಡಿ ಇಟ್ಟಳು. ಹೆಸರು ಹೇಳಿದಳು. ತನ್ನದೇ ಹೆಸರು. ಅದರ ಹಿಂದೆಯೇ ಅವ್ವನ ಹೆಸರು. ಆಮೇಲೆ ನೇರ ಮೇಲಿನ ಸ್ವರಕ್ಕೇ ಹತ್ತಿದಳು, ಬಟ್ಟೆ ಒಣಹಾಕಲು ಮಾಳಿಗೆ ಹತ್ತುವವಳಷ್ಟು ಸಲೀಸಾಗಿ.

ಗಾಜಿನಾಚೆ ಮ್ಯಾನೇಜರ್ ಜಿಗಿದೆದ್ದ. ಅವನ ಬಾಯಿ ತೆರೆದು ಮುಚ್ಚುತ್ತಿತ್ತು. ಬೋಳಿಮಗಳೇ ಎಂಬುದನ್ನು ತುಟಿಯಲ್ಲೇ ಓದಬಹುದಿತ್ತು, ಕೆಂಪು ದೀಪ ಹತ್ತಿದ್ದರಿಂದ ಅವನ ದನಿ ಮಾತ್ರ ಒಳಗೆ ಬರಲಿಲ್ಲ. ಅವನು ಗಾಜು ಗುದ್ದಿದ, ಸೌಂಡಣ್ಣನ ಭುಜ ಹಿಡಿದು ಅಲುಗಿಸಿದ. ಸೌಂಡಣ್ಣ ಎರಡೂ ಕೈ ಎತ್ತಿ ತಲೆಯ ಹಿಂದೆ ಕಟ್ಟಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ.

ಹಾಡು ಮುಗಿಯಿತು. ದೀಪ ಇನ್ನೂ ಕೆಂಪಗೇ ಇತ್ತು. ಹೆಡ್‌ಫೋನಿನಲ್ಲಿ ಗುರುತಿಲ್ಲದ ದನಿಯೊಂದು ಗಂಟಲು ಸರಿಮಾಡಿಕೊಂಡಿತು.

"ತಾಳೆ ಆಯ್ತಮ್ಮ. ಹೆಸ್ರು ಇನ್ನೊಂದ್ಸಲ ಹೇಳಿ, ಬರ್ಕೋಬೇಕು."

ಅವಳು ಮೈಕಿಗೆ ಇನ್ನಷ್ಟು ಹತ್ತಿರ ಬಂದಳು.

"ನಿಧಾನಕ್ಕೆ ಹೇಳ್ತೀನಿ, ಬರ್ಕೊಳಪ್ಪಾ," ಎಂದು ಒಂದೊಂದೇ ಅಕ್ಷರ ಹೇಳತೊಡಗಿದಳು.